ಹಳೆಯ ಸರ್ಕಾರಿ ಶಾಲಾ ಕಟ್ಟಡದ ದುರಸ್ತಿ: ಇರುವ ಅಷ್ಟಿಷ್ಟು ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕು?

ಮುಖ್ಯ ಶಿಕ್ಷಕರು, ಶಾಲಾ ಸಮಿತಿಯ ಸದಸ್ಯರು, ಓದಿದ ಶಾಲೆಗೆ ಏನಾದರೂ ಮಾಡಬೇಕೆಂದು ಹೊರಟ ಹಳೆಯ ವಿದ್ಯಾರ್ಥಿಗಳು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಕಟ್ಟಡ ಹಳೆಯದಾಗಿದೆ, ಕೈಯಲ್ಲಿರುವ ಹಣ ಸಾಲುವುದಿಲ್ಲ, ಎಲ್ಲಿಂದ ಶುರು ಮಾಡೋಣ?" ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಸದ್ಯಕ್ಕೆ ಸುಣ್ಣಬಣ್ಣ ಮಾಡಿಸಿಬಿಡೋಣವೇ?"

ದಯವಿಟ್ಟು ಬೇಡ. ಬಣ್ಣ ಕಟ್ಟಕಡೆಯ ಕೆಲಸ. ಸೋರುವ ಚಾವಣಿಯ ಕೆಳಗೆ ಹೊಡೆದ ಬಣ್ಣ ಒಂದು ಮಳೆಗಾಲ ದಾಟುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಗೋಡೆಯ ಬಿರುಕು, ಕಬ್ಬಿಣದ ತುಕ್ಕಿನ ಕಲೆ, ತೇವದ ಗುರುತು ಇವೆಲ್ಲ ಬಣ್ಣದಡಿ ಮುಚ್ಚಿಹೋಗಿ, ಮುಂದೆ ನೋಡಲು ಬರುವ ಇಂಜಿನಿಯರಿಗೆ ಕಟ್ಟಡದ ಕಾಯಿಲೆ ಕಾಣದಂತಾಗುತ್ತದೆ. ಕಡಿಮೆ ಹಣದಲ್ಲಿ ಶಾಲೆ ಉಳಿಸಿಕೊಳ್ಳುವುದು ಹೆಚ್ಚಾಗಿ ಕೆಲಸದ ಸರದಿಯನ್ನು ಅವಲಂಬಿಸಿದೆ. ಮೊದಲು ಜೀವಕ್ಕೆ ಅಪಾಯವಾಗುವುದನ್ನು ದೂರ ಮಾಡಬೇಕು. ಆಮೇಲೆ ನೀರನ್ನು ಹೊರಗಿಡಬೇಕು. ನಂತರ ಕಟ್ಟಡದ ಮೂಳೆಗಳನ್ನು ಗಟ್ಟಿ ಮಾಡಬೇಕು. ಉಳಿದದ್ದೆಲ್ಲ ಅದರ ಬಳಿಕ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದವು: ಟಾರ್ಚ್, ಅಳತೆ ಟೇಪು, ಸಣ್ಣ ಸುತ್ತಿಗೆ, ತೂಗುಗುಂಡು, ಪೆನ್ಸಿಲ್, ಗಟ್ಟಿ ರಟ್ಟಿನ ಒಂದು ದಪ್ಪ ಪುಸ್ತಕ, ಚಿತ್ರ ತೆಗೆಯಲು ಒಂದು ಫೋನ್. ಕಟ್ಟಡದ ಹಳೆಯ ನಕ್ಷೆ ಶಾಲೆಯ ಬೀರುವಿನಲ್ಲೋ ಕಟ್ಟಿಸಿದ ಇಲಾಖೆಯಲ್ಲೋ ಸಿಗುತ್ತದೆಯೇ ವಿಚಾರಿಸಿ. ಸಿಗದಿದ್ದರೆ ನೀವೇ ಕೋಣೆಗಳನ್ನು ಅಳೆದು ಕೈಯಲ್ಲೇ ಒಂದು ನಕ್ಷೆ ಬರೆದುಕೊಳ್ಳಿ. ಸುಂದರವಾಗಿರಬೇಕಿಲ್ಲ, ಪ್ರತಿ ಕೋಣೆಗೂ ಒಂದು ಸಂಖ್ಯೆ ಇದ್ದರೆ ಸಾಕು.

1. ಕಟ್ಟಡವನ್ನು ಎರಡು ಸಲ ನೋಡಿ: ಮಳೆಯಲ್ಲಿ ಒಮ್ಮೆ, ಒಣಹವೆಯಲ್ಲಿ ಒಮ್ಮೆ

ಹೆಚ್ಚಿನ ತಪಾಸಣೆ ನಡೆಯುವುದು ಬಿಸಿಲಿನ ದಿನ, ಹೊರಗೆ ನಿಂತು. ಅದರಿಂದ ಅರ್ಧ ವಿಷಯವೂ ತಿಳಿಯುವುದಿಲ್ಲ. ಜೋರು ಮಳೆ ಬರುವಾಗ ಕೊಡೆ ಹಿಡಿದು ಕಟ್ಟಡದ ಸುತ್ತ ಒಮ್ಮೆ ನಡೆಯಿರಿ. ತಾರಸಿಯ ನೀರು ಎಲ್ಲಿಂದ ಇಳಿಯುತ್ತಿದೆ, ಗೋಡೆಗೆ ಎಲ್ಲಿ ಎರಚುತ್ತಿದೆ, ಅಂಗಳದಲ್ಲಿ ಎಲ್ಲಿ ನಿಲ್ಲುತ್ತಿದೆ, ಯಾವ ಕೊಳವೆ ಕಟ್ಟಿಕೊಂಡು ಉಕ್ಕುತ್ತಿದೆ ಎಂಬುದನ್ನು ನಕ್ಷೆಯಲ್ಲಿ ಬಾಣದ ಗುರುತು ಹಾಕಿ ಬರೆದುಕೊಳ್ಳಿ. ಒಳಗೆ ಹನಿ ಬೀಳುವ ಜಾಗಕ್ಕೆ ಸಂಖ್ಯೆ ಕೊಡಿ.

ಒಣಹವೆಯಲ್ಲಿ ನೋಡುವಾಗ ಮೇಲಿನಿಂದ ಕೆಳಗೆ ಬನ್ನಿ: ತಾರಸಿ ಅಥವಾ ಹೆಂಚು, ಚಾವಣಿಯ ಅಡಿಭಾಗ, ತೊಲೆ, ಗೋಡೆ, ಬಾಗಿಲು ಕಿಟಕಿ, ನೆಲ, ಅಡಿಪಾಯದ ಸುತ್ತಲಿನ ಮಣ್ಣು. ಗಾರೆಯನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಇದ್ದರೆ ತುಂಬಿದ ಸದ್ದು ಬರುತ್ತದೆ. ಟೊಳ್ಳು ಸದ್ದು ಬಂದರೆ ಗಾರೆ ಒಳಗೇ ಬಿಟ್ಟುಕೊಂಡಿದೆ ಎಂದರ್ಥ. ತಲೆಯ ಮೇಲಿನ ಚಾವಣಿಯಲ್ಲಿ ಟೊಳ್ಳು ಸದ್ದು ಬಂದರೆ ಆ ಕೋಣೆಯಲ್ಲಿ ಅಂದೇ ತರಗತಿ ನಿಲ್ಲಿಸಿ, ಬಿಟ್ಟುಕೊಂಡ ಗಾರೆಯನ್ನು ಮೇಸ್ತ್ರಿಯಿಂದ ಕೆಡವಿಸಿ. ಕೆಡವಲು ಹೆಚ್ಚು ಖರ್ಚಿಲ್ಲ. ಮಕ್ಕಳಿಗೆ ಪೆಟ್ಟಾಗುವುದು ಬಹುಪಾಲು ಹೀಗೆ ಕಳಚಿ ಬೀಳುವ ಗಾರೆಯಿಂದ, ಪೂರ್ತಿ ಕುಸಿಯುವ ಕಟ್ಟಡದಿಂದ ಅಪರೂಪಕ್ಕೆ.

ಮರದ ತೊಲೆ, ಜಂತೆ, ಚೌಕಟ್ಟುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಮರ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಜಾಗವನ್ನು ತಪ್ಪದೆ ನೋಡಬೇಕು. ಮಧ್ಯಭಾಗ ಗಟ್ಟಿಮುಟ್ಟಾಗಿದ್ದು ತುದಿ ಮಾತ್ರ ಕೊಳೆತಿರುವುದು ಸಾಮಾನ್ಯ, ಏಕೆಂದರೆ ಗೋಡೆಯ ತೇವವೆಲ್ಲ ಅಲ್ಲಿ ಸೇರುತ್ತದೆ.

2. ಮೂರು ಪಟ್ಟಿ ಮಾಡಿ

ಕಂಡದ್ದನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದರೆ ಅದು ಉದ್ದವಾಗಿ, ನೋಡಿದವರ ಕೈಕಾಲು ತಣ್ಣಗಾಗುತ್ತದೆ. ಮೂರಾಗಿ ಒಡೆಯಿರಿ.

ಮೊದಲ ಪಟ್ಟಿ, ಇವತ್ತೇ ಮಾಡಬೇಕಾದ್ದು: ಕಳಚುತ್ತಿರುವ ಗಾರೆ, ಬಾಗಿದ ತೊಲೆ, ಹೊರಗೆ ಕಾಣುವ ವಿದ್ಯುತ್ ತಂತಿ, ಅಲುಗಾಡುವ ಕಾಂಪೌಂಡ್ ಗೋಡೆ, ಮುಚ್ಚಳವಿಲ್ಲದ ತೊಟ್ಟಿ ಅಥವಾ ಗುಂಡಿ, ಸಡಿಲವಾದ ಮೆಟ್ಟಿಲ ಕಂಬಿ. ಎರಡನೆಯದು, ಮುಂದಿನ ಮಳೆಗಾಲದೊಳಗೆ ಆಗಬೇಕಾದ್ದು: ಸೋರಿಕೆ, ಚರಂಡಿ, ತುಕ್ಕು ಹಿಡಿದ ಕಬ್ಬಿಣ, ಶೌಚಾಲಯ. ಮೂರನೆಯದು, ಹಣ ಬಂದಾಗ ಮಾಡಬಹುದಾದ್ದು: ನೆಲಹಾಸು, ಬಣ್ಣ, ಹೊಸ ಕಿಟಕಿ, ಹೆಬ್ಬಾಗಿಲು.

ದಾನಿಗಳು ಹೆಚ್ಚಾಗಿ ಮೂರನೆಯ ಪಟ್ಟಿಗೇ ಹಣ ಕೊಡಲು ಮುಂದೆ ಬರುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಅದು. ಅವರಿಗೆ ಈ ಮೂರೂ ಪಟ್ಟಿಗಳನ್ನು ತೋರಿಸಿ, ಮಳೆಯ ದಿನ ತೆಗೆದ ಚಿತ್ರಗಳನ್ನು ಮುಂದಿಡಿ. ಕೈಮುಗಿದು ಬಂದವರಿಗೆ ಬೇಡ ಅನ್ನುವುದು ಕಷ್ಟ, ನಿಜ. ಆದರೆ ಸೋರುವ ಶಾಲೆಗೆ ಕಮಾನು ಕಟ್ಟಿಸಿಕೊಳ್ಳುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಇಲ್ಲೇ ಎರಡು ಎಚ್ಚರಿಕೆ ಹೇಳಬೇಕು. ಒಂದು, ಕೋಣೆ ಸಾಲದೆಂದು ಹಳೆಯ ಕಟ್ಟಡದ ಮೇಲೆ ಇನ್ನೊಂದು ಅಂತಸ್ತು ಏರಿಸುವ ಮಾತು ಬಂದರೆ, ಅಡಿಪಾಯ ಮತ್ತು ಗೋಡೆಯ ಲೆಕ್ಕವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಲಿಖಿತವಾಗಿ ಕೊಡುವ ತನಕ ಒಪ್ಪಬೇಡಿ. ಸ್ಟ್ರಕ್ಚರಲ್ ಇಂಜಿನಿಯರ್ ಎಂದರೆ ಕಟ್ಟಡ ಎಷ್ಟು ಭಾರ ಹೊರಬಲ್ಲದು ಎಂದು ಲೆಕ್ಕ ಹಾಕುವವರು. ನಕ್ಷೆ ಬರೆಯುವವರು, ಗುತ್ತಿಗೆದಾರರು ಈ ಮಾತನ್ನು ಹೇಳಲಾರರು. ಇಟಲಿಯ ಸಾನ್ ಜುಲಿಯಾನೊ ದಿ ಪೂಲ್ಯಾ ಎಂಬ ಊರಿನಲ್ಲಿ 2002ರ ಅಕ್ಟೋಬರ್ 31ರಂದು ಭೂಕಂಪವಾದಾಗ ಶಾಲೆ ಕುಸಿದು 27 ಮಕ್ಕಳೂ ಒಬ್ಬ ಶಿಕ್ಷಕಿಯೂ ತೀರಿಕೊಂಡರು. ಹಳೆಯ ಕಲ್ಲುಗೋಡೆಯ ಕಟ್ಟಡದ ಮೇಲೆ ಆಮೇಲೆ ಕಾಂಕ್ರೀಟಿನ ಅಂತಸ್ತು ಏರಿಸಲಾಗಿತ್ತು.

ಎರಡು, ಸೋರಿಕೆ ಬಿರುಕು ಏನೂ ಇಲ್ಲ ಎಂದ ಮಾತ್ರಕ್ಕೆ ಚಾವಣಿ ಗಟ್ಟಿ ಇದೆ ಎಂದುಕೊಳ್ಳುವಂತಿಲ್ಲ. ಇಂಗ್ಲೆಂಡಿನಲ್ಲಿ 1950ರ ದಶಕದಿಂದ 1990ರ ದಶಕದವರೆಗೆ ಶಾಲೆಗಳಿಗೆ ಬಳಸಿದ್ದ, ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟಿನ ಹಲಗೆಗಳು ಮುನ್ಸೂಚನೆ ಇಲ್ಲದೆ ಕುಸಿಯಬಲ್ಲವು ಎಂದು ತಿಳಿದು, 2023ರ ಆಗಸ್ಟ್ ಕೊನೆಯಲ್ಲಿ ನೂರಕ್ಕೂ ಹೆಚ್ಚು ಶಾಲೆಗಳಿಗೆ ಅಂಥ ಕೋಣೆಗಳನ್ನು ಮುಚ್ಚಲು ಹೇಳಲಾಯಿತು. ನಿಮ್ಮ ಕಟ್ಟಡ ಯಾವಾಗ, ಯಾವ ಸಾಮಗ್ರಿಯಿಂದ ಕಟ್ಟಿದ್ದು ಎಂಬುದು ಪುಸ್ತಕದ ಮೊದಲ ಪುಟದಲ್ಲೇ ಇರಲಿ.

3. ಬಿರುಕನ್ನು ಮುಚ್ಚುವ ಮೊದಲು ಓದಿ

ಬಿರುಕು ಕಂಡ ಕೂಡಲೇ ಸಿಮೆಂಟ್ ಮೆತ್ತುವುದು ಎಲ್ಲ ಕಡೆ ನಡೆಯುವ ತಪ್ಪು. ಬಿರುಕಿನ ದಿಕ್ಕು, ಅಗಲ, ಬೆಳೆಯುತ್ತಿದೆಯೋ ಇಲ್ಲವೋ ಎಂಬ ಮೂರು ಸಂಗತಿ ಮೊದಲು ಗೊತ್ತಾಗಬೇಕು.

ಗಾರೆಯ ಮೇಲೆ ಜೇಡರ ಬಲೆಯ ಹಾಗೆ ಹರಡಿದ ಕೂದಲೆಳೆಯ ಗೀರುಗಳು ಗಾರೆ ಒಣಗುವಾಗ ಬಂದವು, ಅವುಗಳಿಂದ ಭಯವಿಲ್ಲ. ಗೋಡೆಯ ನೆತ್ತಿಯಲ್ಲಿ, ತಾರಸಿಯ ಕೆಳಗೇ ಅಡ್ಡಲಾಗಿ ಓಡುವ ಬಿರುಕು ಸಾಮಾನ್ಯವಾಗಿ ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುವುದರಿಂದ ಬರುತ್ತದೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಡುವುದು, ಇಟ್ಟಿಗೆಯ ಸಂದಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಕಂಡರೆ ಅಡಿಪಾಯ ಒಂದು ಕಡೆ ಕುಳಿತಿರಬಹುದೆಂಬ ಅನುಮಾನ ಪಡಬೇಕು. ತೊಲೆಯ ಅಥವಾ ಕಂಬದ ಉದ್ದಕ್ಕೆ, ಒಳಗಿನ ಸರಳಿನ ಸಾಲಿಗೇ ಸರಿಯಾಗಿ ಬಂದ ಬಿರುಕೆಂದರೆ ಸರಳು ತುಕ್ಕು ಹಿಡಿಯುತ್ತಿದೆ.

ಅಗಲ ನೋಡಲು ಬ್ಯಾಂಕಿನ ಕಾರ್ಡ್ ಸಾಕು, ಅದರ ದಪ್ಪ ಸುಮಾರು 0.76 ಮಿಲಿಮೀಟರ್. ಕಾರ್ಡ್ ನುಗ್ಗದ ಬಿರುಕನ್ನು ಗಮನದಲ್ಲಿಟ್ಟರೆ ಸಾಕು. 5 ಮಿಲಿಮೀಟರ್ ದಾಟಿದ್ದನ್ನು ಇಂಜಿನಿಯರ್ ನೋಡಲೇಬೇಕು. ಕಂಬ, ತೊಲೆಗಳ ವಿಷಯದಲ್ಲಿ ಇಷ್ಟು ಕಾಯಬೇಡಿ, ಸಣ್ಣದಾದರೂ ತೋರಿಸಿ.

ಬೆಳೆಯುತ್ತಿದೆಯೇ ಎಂದು ತಿಳಿಯಲು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಮಕ್ಕಳ ಕೈಗೆಟುಕುವ ಕಡೆ ಗಾಜಿನ ಬದಲು, ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಹಾಕಿ, ಎರಡೂ ಬದಿಗೆ ಒಂದೊಂದು ಮೊಳೆ ಹೊಡೆದು ನಡುವಿನ ಅಂತರ ಅಳೆಯುತ್ತ ಬನ್ನಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಅಲುಗದ ಬಿರುಕನ್ನು ಧೈರ್ಯವಾಗಿ ಮುಚ್ಚಬಹುದು. ಅಲುಗುತ್ತಿರುವ ಬಿರುಕನ್ನು ಮುಚ್ಚಿದರೆ ಹಣ ಹೋಗುತ್ತದೆ, ಬಿರುಕು ಪಕ್ಕದಲ್ಲೇ ಮತ್ತೆ ಬಾಯಿ ಬಿಡುತ್ತದೆ.

4. ನೀರನ್ನು ಹೊರಗಿಡಿ

ಹಣದ ದೊಡ್ಡ ಪಾಲು ಇಲ್ಲಿಗೆ ಹೋಗಲಿ. ಗಾರೆ ಉದುರುವುದು, ಕಬ್ಬಿಣ ತುಕ್ಕು ಹಿಡಿಯುವುದು, ಮರ ಕೊಳೆಯುವುದು, ಗೆದ್ದಲು ಏರುವುದು, ಸ್ವಿಚ್ಚು ಮುಟ್ಟಿದರೆ ಜುಮ್ಮೆನ್ನುವುದು, ಇವೆಲ್ಲದರ ಬೇರು ನೀರಿನಲ್ಲಿದೆ.

*ಪುಕ್ಕಟೆ ಕೆಲಸ ಮೊದಲು.* ತಾರಸಿಯ ಮೇಲಿನ ಎಲೆ, ಮಣ್ಣು, ಮುರಿದ ಬೆಂಚು, ಹಳೆಯ ಸಾಮಾನುಗಳನ್ನು ಕೆಳಗಿಳಿಸಿ. ನೀರು ಇಳಿಯುವ ತೂತುಗಳ ಬಾಯಿ ಬಿಡಿಸಿ ಜಾಲರಿ ಕೂರಿಸಿ. ಎಷ್ಟೋ ಶಾಲೆಗಳಲ್ಲಿ "ತಾರಸಿ ಹಾಳಾಗಿದೆ" ಎಂದು ಬರೆಸಿದ ದೊಡ್ಡ ಅಂದಾಜಿನ ಹಿಂದೆ ಇರುವುದು ಎಲೆ ಕಟ್ಟಿದ ಒಂದು ಕೊಳವೆ. ಪ್ಯಾರಾಪೆಟ್, ಅಂದರೆ ತಾರಸಿಯ ಅಂಚಿನ ಗಿಡ್ಡ ಗೋಡೆಯ ಸಂದಿಯಲ್ಲಿ ಅರಳಿ, ಆಲ, ಅತ್ತಿಯ ಸಸಿ ಹುಟ್ಟಿದ್ದರೆ ಅಂಗೈ ಉದ್ದ ಇರುವಾಗಲೇ ಬೇರುಸಹಿತ ಕೀಳಿ. ಮೇಲಿನಿಂದ ಕತ್ತರಿಸಿದರೆ ಅದು ಮತ್ತೆ ಚಿಗುರುತ್ತದೆ, ಬೇರು ಗೋಡೆಯನ್ನು ಸೀಳುತ್ತಲೇ ಹೋಗುತ್ತದೆ. ಬೇರು ದಪ್ಪಗಾಗಿದ್ದರೆ ಎಳೆಯಬೇಡಿ, ಗೋಡೆಯೇ ಬಂದೀತು. ಅಷ್ಟು ಭಾಗ ಬಿಚ್ಚಿ, ಬೇರು ತೆಗೆದು, ಮತ್ತೆ ಕಟ್ಟಿಸಬೇಕು.

*ಸಮತಟ್ಟಾದ ತಾರಸಿ.* ಸೋರುವ ಜಾಗ ಹುಡುಕಲು ತಾರಸಿಯ ಮೇಲೆ ನೀರು ಕಟ್ಟಿ ನಿಲ್ಲಿಸುವ ಪರೀಕ್ಷೆಯನ್ನು ಹಲವರು ಹೇಳುತ್ತಾರೆ. ದುರ್ಬಲ ತಾರಸಿಯ ಮೇಲೆ ಇದನ್ನು ಮಾಡಬೇಡಿ. 25 ಮಿಲಿಮೀಟರ್ ನೀರು ನಿಂತರೂ ಒಂದು ಚದರ ಮೀಟರಿಗೆ 25 ಕಿಲೋ ಭಾರ. 6 ಮೀಟರ್ ಉದ್ದಗಲದ ಕೋಣೆಯ ಮೇಲೆ ಅದು 900 ಕಿಲೋ ಆಗುತ್ತದೆ. ಅದರ ಬದಲು ಪೈಪಿನಿಂದ ಒಂದೊಂದೇ ಭಾಗವನ್ನು ನೆನೆಸುತ್ತ, ಕೆಳಗೆ ಒಬ್ಬರನ್ನು ನಿಲ್ಲಿಸಿ ನೋಡಿ. ಪ್ಯಾರಾಪೆಟ್ ಮತ್ತು ತಾರಸಿ ಸೇರುವ ಮೂಲೆ, ಕೊಳವೆಯ ಬಾಯಿ, ಹಳೆಯ ಕಟ್ಟಡಕ್ಕೆ ಹೊಸ ಕೋಣೆ ಅಂಟಿಸಿದ ಸಂದಿ, ಈ ಮೂರು ಕಡೆ ಮೊದಲು ನೋಡಿ.

ತಾರಸಿಗೆ ಇಳಿಜಾರು ಬೇಕು, ಮೇಸ್ತ್ರಿಗಳು ಇದನ್ನು ವಾಟ ಎನ್ನುತ್ತಾರೆ. 100 ಅಡಿಗೆ ಕನಿಷ್ಠ 1 ಅಡಿಯ ಲೆಕ್ಕದಲ್ಲಿ ಕೊಳವೆಯ ಕಡೆಗೆ ವಾಟ ಇದ್ದರೆ ನೀರು ನಿಲ್ಲುವುದಿಲ್ಲ. ಮೂಲೆಗಳಲ್ಲಿ ಗಾರೆಯನ್ನು ಒಳಬಾಗಿದ ದುಂಡಾಗಿ ಎಳೆಯಿಸಿ, ಚೂಪಾದ ಮೂಲೆಯಲ್ಲಿ ಬಿರುಕು ಬೇಗ ಹುಟ್ಟುತ್ತದೆ.

ಇಲ್ಲಿ ನಡೆಯುವ ದೊಡ್ಡ ತಪ್ಪು ಯಾವುದೆಂದರೆ, ಸೋರಿದಾಗಲೆಲ್ಲ ಹಳೆಯದರ ಮೇಲೇ ಹೊಸ ಕಾಂಕ್ರೀಟ್ ಪದರ ಹಾಕಿಸುವುದು. 50 ಮಿಲಿಮೀಟರ್ ದಪ್ಪದ ಒಂದು ಪದರ ಚದರ ಮೀಟರಿಗೆ ಸುಮಾರು 120 ಕಿಲೋ ತೂಗುತ್ತದೆ. ಮೂರು ಸಲ ಹೀಗೆ ಹಾಕಿಸಿದ ತಾರಸಿ, ತನಗೆ ಲೆಕ್ಕ ಹಾಕದ ಭಾರವನ್ನು ಹೊತ್ತು ನಿಂತಿರುತ್ತದೆ. ಹಳೆಯ ಸಡಿಲ ಪದರವನ್ನು ತೆಗೆದ ಮೇಲೆಯೇ ಹೊಸದು ಬರಬೇಕು. ನೀರುನಿರೋಧಕ ಲೇಪನ ಬಳಿಸುವುದಾದರೆ ತಾರಸಿ ಪೂರ್ತಿ ಒಣಗಿರಬೇಕು, ತೊಳೆದಿರಬೇಕು, ಬಿರುಕುಗಳನ್ನು ಮೊದಲೇ ತುಂಬಿರಬೇಕು. ಒದ್ದೆಯ ಮೇಲೆ ಬಳಿದದ್ದು ಗುಳ್ಳೆ ಎದ್ದು ಹಾಳೆಯಾಗಿ ಕಿತ್ತುಬರುತ್ತದೆ. ಕೋಣೆಯ ಒಳಗಿನಿಂದ ಲೇಪನ ಬಳಿಯುವುದರಿಂದ ಪ್ರಯೋಜನವಿಲ್ಲ. ನೀರು ಕಾಂಕ್ರೀಟಿನೊಳಗೇ ಉಳಿದು ಸರಳನ್ನು ತಿನ್ನುತ್ತದೆ. ಮೇಲಿನ ಲೇಪನ ಬಿಳಿ ಬಣ್ಣದ್ದಾದರೆ ಬಿಸಿಲು ಹಿಂದಕ್ಕೆ ಹೊಡೆದು ಕೋಣೆಯೂ ತಂಪಾಗುತ್ತದೆ, ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರದಿದ್ದರೆ ಅದನ್ನೇ ಆರಿಸಿ.

*ಹೆಂಚಿನ ಮಾಡು.* ಇದು ಬಡ ಶಾಲೆಯ ಸ್ನೇಹಿತ. ಒಡೆದ ಹೆಂಚನ್ನಷ್ಟೇ ಬದಲಿಸಿದರೆ ಸಾಕಾಗುತ್ತದೆ. ಆದರೆ ತಯಾರಕರಿಂದ ತಯಾರಕರಿಗೆ ಹೆಂಚಿನ ಅಳತೆ, ಕೊಕ್ಕೆಯ ಜಾಗ ಬೇರೆ ಇರುತ್ತದೆ, ಬೇರೆ ಅಚ್ಚಿನದು ಸೇರಿಸಿದರೆ ಸಂದಿ ಉಳಿಯುತ್ತದೆ. ಎಲ್ಲಾದರೂ ಹಳೆಯ ಕಟ್ಟಡ ಕೆಡವಿದಾಗ ನಿಮ್ಮ ಅಚ್ಚಿನ ಹೆಂಚು ಸಿಕ್ಕರೆ ತಂದು ಕೂಡಿಟ್ಟುಕೊಳ್ಳಿ. ಮಾಡಿನ ನೆತ್ತಿಯ ಹೆಂಚುಗಳ ಗಾರೆಯನ್ನು ಮಳೆಗೆ ಮುನ್ನ ನೋಡಿ. ಹೆಂಚಿನ ಮೇಲೆ ನೇರವಾಗಿ ಕಾಲಿಡಬಾರದು, ಹಲಗೆ ಅಥವಾ ಏಣಿ ಮಲಗಿಸಿ ಅದರ ಮೇಲೆ ನಡೆಯಬೇಕು. ರೀಪು, ಜಂತೆ ಕೊಳೆತಿದ್ದರೆ ಮೊದಲು ಅವನ್ನು ಬದಲಿಸಿ, ಹೆಂಚು ಆಮೇಲೆ.

*ತಗಡು ಮತ್ತು ಸಿಮೆಂಟ್ ಶೀಟು.* ತಗಡಿನಲ್ಲಿ ಸೋರುವುದು ಬಹುಪಾಲು ಬೋಲ್ಟಿನ ತೂತಿನಿಂದ, ಅಲ್ಲಿನ ರಬ್ಬರ್ ವಾಷರ್ ಬದಲಿಸಿದರೆ ನಿಲ್ಲುತ್ತದೆ. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದರ ನವಿರಾದ ಎಳೆಗಳು ಉಸಿರಿನೊಂದಿಗೆ ಒಳಹೋದರೆ ಕ್ಯಾನ್ಸರ್ ತರುತ್ತವೆ, 60ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ಅಂಥ ಶೀಟನ್ನು ಕೊರೆಯುವುದು, ಗರಗಸದಿಂದ ಕೊಯ್ಯುವುದು, ಒಣಗಿರುವಾಗ ಬ್ರಷ್ಷಿನಿಂದ ಉಜ್ಜುವುದು ಬೇಡವೇ ಬೇಡ. ಒಡೆಯದೆ ಇದ್ದರೆ ಮುಟ್ಟದೆ ಬಿಡಿ. ತೆಗೆಯಲೇಬೇಕಾದರೆ ಮಕ್ಕಳಿಲ್ಲದ ದಿನ, ನೀರು ಚಿಮುಕಿಸಿ, ತುಂಡು ಮಾಡದೆ, ಆ ಕೆಲಸ ಬಲ್ಲವರಿಂದಲೇ ತೆಗೆಸಿ.

*ನೆಲದ ನೀರು.* ತಾರಸಿಗೆ ಖರ್ಚು ಮಾಡಿ ನೆಲವನ್ನು ಮರೆತವರು ಬಹಳ. ಕಟ್ಟಡದ ಸುತ್ತ ಎರಡು ಮೂರು ಅಡಿ ಅಗಲದ ಗಟ್ಟಿ ಪಟ್ಟಿಯೊಂದನ್ನು ಹೊರಮುಖವಾಗಿ ಇಳಿಜಾರು ಕೊಟ್ಟು ಹಾಕಿಸಿ, ಅದರಾಚೆ ಚರಂಡಿ ಇರಲಿ. ಕೊಳವೆಯ ನೀರು ನೇರವಾಗಿ ಅಡಿಪಾಯದ ಬುಡಕ್ಕೆ ಬೀಳಬಾರದು. ಗೋಡೆಗೆ ಒತ್ತಿ ಮಣ್ಣು ಗುಡ್ಡೆ ಹಾಕಿದ್ದರೆ, ಹೂವಿನ ಪಾತಿ ಮಾಡಿದ್ದರೆ ದೂರ ಸರಿಸಿ. ಕಿಟಕಿಯ ಮೇಲೆ ಚಾಚಿರುವ ಸಜ್ಜೆಯ ಅಡಿಯಂಚಿನಲ್ಲಿ ಒಂದು ಗೀರು ಬಿಡಿಸಿದರೆ ಮಳೆಹನಿ ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಇಷ್ಟು ಸಣ್ಣ ಕೆಲಸ ಗೋಡೆಯನ್ನು ವರ್ಷಾನುಗಟ್ಟಲೆ ಕಾಯುತ್ತದೆ.

5. ತುಕ್ಕು ಹಿಡಿದ ಸರಳು

ಆರ್‌ಸಿಸಿ ಎಂದರೆ ಒಳಗೆ ಉಕ್ಕಿನ ಸರಳು ಇಟ್ಟ ಕಾಂಕ್ರೀಟ್. ಹೊಸ ಕಾಂಕ್ರೀಟಿನ ಕ್ಷಾರಗುಣ ಸರಳನ್ನು ತುಕ್ಕಿನಿಂದ ಕಾಯುತ್ತದೆ. ದಶಕಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಗುಣವನ್ನು ಕಳೆಯುತ್ತದೆ, ಜೊತೆಗೆ ನೀರು ಸೇರಿದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಕಾಂಕ್ರೀಟನ್ನು ಒಳಗಿನಿಂದ ಒಡೆದು ಉದುರಿಸುತ್ತದೆ.

ಇದಕ್ಕೆ ಸಿಮೆಂಟ್ ಮೆತ್ತಿ ಮುಚ್ಚುವುದು ದುರಸ್ತಿಯೇ ಅಲ್ಲ, ತುಕ್ಕು ಒಳಗೇ ಮುಂದುವರಿಯುತ್ತದೆ. ಸರಿಯಾದ ಕ್ರಮ ಹೀಗೆ: ಮೊದಲು ತೊಲೆ ಅಥವಾ ಚಾವಣಿಗೆ ಕೆಳಗಿನಿಂದ ಊರೆ, ಅಂದರೆ ಭಾರ ಹೊರುವ ತಾತ್ಕಾಲಿಕ ಆಸರೆ ಕಂಬ ಕೊಡಬೇಕು. ಸಡಿಲ ಕಾಂಕ್ರೀಟನ್ನು ಸರಳಿನ ಹಿಂಭಾಗದವರೆಗೂ, ಬೆರಳು ಹೋಗುವಷ್ಟು ಕೆತ್ತಬೇಕು. ಸರಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಬೇಕು. ತುಕ್ಕುನಿರೋಧಕ ಲೇಪನ, ಅದರ ಮೇಲೆ ಹಳತು ಹೊಸತನ್ನು ಬೆಸೆಯುವ ಲೇಪನ, ಕೊನೆಗೆ ಪಾಲಿಮರ್ ಸೇರಿಸಿದ ದುರಸ್ತಿ ಗಾರೆಯನ್ನು ಪದರ ಪದರವಾಗಿ ತುಂಬಬೇಕು. ಉಜ್ಜಿದ ಮೇಲೆ ಸರಳು ಕಣ್ಣಿಗೆ ಕಾಣುವಷ್ಟು ಸಣಕಲಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಇಂಜಿನಿಯರನ್ನು ಕರೆಸಿ, ಹೊಸ ಸರಳು ಕಟ್ಟಬೇಕಾದೀತು. ಊರೆ ಇಲ್ಲದೆ ತೊಲೆ ಕೆತ್ತುವ ಮೇಸ್ತ್ರಿಯನ್ನು ಆ ಕ್ಷಣವೇ ತಡೆಯಿರಿ.

6. ಗೋಡೆ: ಸುಣ್ಣದ್ದೋ ಸಿಮೆಂಟಿನದೋ?

ನೂರು ವರ್ಷದ ಆಸುಪಾಸಿನ ಶಾಲೆಗಳ ಗೋಡೆ ಬಹುಮಟ್ಟಿಗೆ ಸುಣ್ಣದ ಗಾರೆಯದು ಅಥವಾ ಮಣ್ಣಿನದು. ಅಂಥ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದಕ್ಕೆ ಹೊರಗಿನಿಂದ ಸಿಮೆಂಟ್ ಗಾರೆ ಬಳಿದರೆ ತೇವಕ್ಕೆ ಹೊರಹೋಗುವ ದಾರಿ ಮುಚ್ಚಿ, ಗಾರೆಯ ಹಿಂದೆ ಗೋಡೆ ಕರಗುತ್ತದೆ. ಕೆಲವು ವರ್ಷಕ್ಕೆ ಸಿಮೆಂಟ್ ಚಕ್ಕೆಗಳು ಗೋಡೆಯ ಮೈಯನ್ನೂ ಕಿತ್ತುಕೊಂಡು ಬೀಳುತ್ತವೆ. ಸುಣ್ಣದ ಗೋಡೆಗೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣದ ಬಳಿತ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ, ಹುಡುಕಬೇಕು, ಆ ಶ್ರಮ ವ್ಯರ್ಥವಾಗುವುದಿಲ್ಲ. ಸುಣ್ಣ ಅರಳಿಸುವಾಗ ನೀರು ಕುದಿಯುತ್ತದೆ, ಸಿಡಿದರೆ ಚರ್ಮ, ಕಣ್ಣು ಸುಡುತ್ತದೆ. ಶಾಲೆಯ ಆವರಣದಲ್ಲಿ ಆ ಗುಂಡಿಗೆ ಬೇಲಿ ಇರಲೇಬೇಕು.

ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಹುಡಿ ಕಂಡರೆ ನೆಲದಿಂದ ತೇವ ಏರುತ್ತಿದೆ. ನಾಲ್ಕನೆಯ ಹಂತದ ನೆಲದ ಕೆಲಸ ಮುಗಿಸಿ, ಗೋಡೆಗೆ ಕೆಲವು ತಿಂಗಳು ಒಣಗಲು ಬಿಟ್ಟು, ಒಣ ಬ್ರಷ್ಷಿನಿಂದ ಉಪ್ಪು ತೆಗೆದು ಆಮೇಲೆ ಗಾರೆ ಮಾಡಿಸಿ. ಸಿಮೆಂಟ್ ಗಾರೆಯಾದರೆ ನೀರು ಬೆರೆಸಿದ ಅರ್ಧ ಗಂಟೆಯೊಳಗೆ ಬಳಸಿಬಿಡಬೇಕು, ಬಿಗಿದುಕೊಂಡದ್ದಕ್ಕೆ ಮತ್ತೆ ನೀರು ಹಾಕಿ ಕಲಸಿದ್ದು ಗಟ್ಟಿಯಾಗುವುದಿಲ್ಲ. ಕ್ಯೂರಿಂಗ್, ಅಂದರೆ ಹೊಸ ಕೆಲಸವನ್ನು ಒದ್ದೆಯಾಗಿ ಇಡುವುದು, ಕನಿಷ್ಠ 7 ದಿನ ನಡೆಯಬೇಕು. ರಜೆಯಲ್ಲಿ ಕೆಲಸ ನಡೆದಾಗ ನೀರು ಹಾಕುವವರೇ ಇರುವುದಿಲ್ಲ. ಯಾವ ದಿನ ಯಾರು ಎಂದು ಮೊದಲೇ ಹೆಸರು ಬರೆದಿಡಿ.

ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅದರ ಧೂಳು ಮಕ್ಕಳ ಮಿದುಳಿಗೆ ಹಾನಿ, ಇಷ್ಟು ಒಳಹೋದರೆ ಪರವಾಗಿಲ್ಲ ಎಂಬ ಸುರಕ್ಷಿತ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಗಿಲು ಕಿಟಕಿಗಳನ್ನು ಒಣಗಿಯೇ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಕೆಸರನ್ನು ಒರೆಸಿ ತೆಗೆಯಿರಿ. ಹೊಸ ಬಣ್ಣ ಸೀಸರಹಿತ ಎಂದು ಡಬ್ಬಿಯ ಮೇಲೆ ಬರೆದದ್ದನ್ನೇ ಕೊಳ್ಳಿ.

7. ವಿದ್ಯುತ್, ಶೌಚಾಲಯ, ಬಾಗಿಲು

ವೈರಿಂಗ್ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೆಲಸ, ಉಚಿತವಾಗಿ ಮಾಡಿಕೊಡುತ್ತೇನೆ ಎಂದವರಿಗೆಲ್ಲ ಕೊಡುವಂಥದ್ದಲ್ಲ. ಅರ್ತಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ವ್ಯವಸ್ಥೆ ಸರಿ ಇದೆಯೇ ಅಳತೆ ಮಾಡಿಸಿ. ಹಣವಿಲ್ಲದಿದ್ದರೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದನ್ನು ಹಾಕಿಸಿ. ವಿದ್ಯುತ್ ಮನುಷ್ಯನ ಮೈಯ ಮೂಲಕ ಭೂಮಿಗೆ ಹರಿಯಲು ಶುರುವಾದ ಕ್ಷಣದಲ್ಲೇ ಸಂಪರ್ಕ ಕಡಿದುಹಾಕುವ ಸಾಧನ ಅದು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದು ಬೆಂಕಿಗೆ ಆಹ್ವಾನ.

ಶೌಚಾಲಯದ ವಿಷಯದಲ್ಲಿ ಹೊಸದು ಕಟ್ಟಿಸುವ ಮೊದಲು ಇರುವುದಕ್ಕೆ ನೀರು ಬರುವಂತೆ ಮಾಡಿ. ಮುಚ್ಚಿಬಿದ್ದ ಶಾಲಾ ಶೌಚಾಲಯಗಳಲ್ಲಿ ಹೆಚ್ಚಿನವು ನೀರಿಲ್ಲದೆ ಮುಚ್ಚಿದವು. ಒಳಗಿನಿಂದ ಹಾಕಿಕೊಳ್ಳುವ ಚಿಲಕ ಗಟ್ಟಿ ಇರಲಿ. ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗದಿರಲು ಒಂದು ಚಿಲಕವೂ ಕಾರಣವಾಗುತ್ತದೆ. ವಾಸನೆ ಬರುತ್ತಿದ್ದರೆ ನೆಲದ ಟ್ರ್ಯಾಪ್ ನೋಡಿ. ಅದರ ಬಾಗಿನಲ್ಲಿ ಸದಾ ನಿಲ್ಲುವ ನೀರೇ ಕೆಟ್ಟಗಾಳಿಯನ್ನು ತಡೆಯುವುದು, ರಜೆಯಲ್ಲಿ ಅದು ಒಣಗಿಹೋಗಿರುತ್ತದೆ, ಒಂದು ಬಕೆಟ್ ನೀರು ಹಾಕಿದರೆ ಸರಿಹೋಗುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ, ಯಾವ ಕಾರಣಕ್ಕೂ ಇಳಿಸಬಾರದು. ಒಳಗಿನ ಅನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಯಂತ್ರದಿಂದಲೇ ಖಾಲಿ ಮಾಡಿಸಿ.

ತರಗತಿಯ ಬಾಗಿಲು ಬದಲಿಸುವ ಸಂದರ್ಭ ಬಂದರೆ ಹೊರಕ್ಕೆ ತೆರೆಯುವಂತೆ ಕೂರಿಸಿ.

8. ಅಂದಾಜು ಪಟ್ಟಿ, ಗುತ್ತಿಗೆ, ಪಾವತಿ

"ಚಾವಣಿ ದುರಸ್ತಿ: ಇಷ್ಟು ಮೊತ್ತ" ಎಂದು ಒಂದೇ ಸಾಲಿನ ಅಂದಾಜು ಪಟ್ಟಿಯನ್ನು ಒಪ್ಪಬೇಡಿ. ಪ್ರತಿ ಕೆಲಸದ ಅಳತೆ, ಸಾಮಗ್ರಿ, ದರ ಬೇರೆ ಬೇರೆ ಇರಬೇಕು: ಎಷ್ಟು ಚದರ ಅಡಿ ಹಳೆಯ ಗಾರೆ ತೆಗೆಯುವುದು, ಯಾವ ಲೇಪನ, ಎಷ್ಟು ಪದರ, ತೆಗೆದ ಕಸ ಸಾಗಿಸುವವರು ಯಾರು. ಒಂದೇ ಪಟ್ಟಿಯನ್ನು ಮೂವರಿಗೆ ಕೊಟ್ಟು ದರ ಕೇಳಿ. ಮೂವರೂ ತಮ್ಮ ತಮ್ಮ ಪಟ್ಟಿ ಕೊಟ್ಟರೆ ಹೋಲಿಸಲು ಆಗುವುದಿಲ್ಲ. ಎಲ್ಲರಿಗಿಂತ ತೀರ ಕಡಿಮೆ ಹೇಳಿದವರು ಯಾವ ಕೆಲಸವನ್ನು ಬಿಟ್ಟಿದ್ದಾರೆ ಎಂದು ಹುಡುಕಿ. ಹಳೆಯ ಕಟ್ಟಡ ಬಿಚ್ಚಿದಾಗ ಅನಿರೀಕ್ಷಿತ ಹಾನಿ ಕಾಣುವುದು ಖಂಡಿತ, ಆದ್ದರಿಂದ ಒಟ್ಟು ಹಣದ ಹತ್ತನೆಯ ಒಂದು ಭಾಗವನ್ನಾದರೂ ಮುಟ್ಟದೆ ಇಟ್ಟುಕೊಳ್ಳಿ.

ಹಣವನ್ನು ಕಂತುಗಳಲ್ಲಿ, ಅಳೆದ ಕೆಲಸಕ್ಕೆ ಮಾತ್ರ ಕೊಡಿ. ಮುಚ್ಚಿಹೋಗುವ ಕೆಲಸವನ್ನು, ಅಂದರೆ ಉಜ್ಜಿದ ಸರಳು, ತುಂಬಿದ ಬಿರುಕು, ಗೋಡೆಯೊಳಗಿನ ಪೈಪು ಇವುಗಳನ್ನು ಮುಚ್ಚುವ ಮುನ್ನ ಚಿತ್ರ ತೆಗೆದ ಮೇಲೆಯೇ ಆ ಕಂತು. ಕೊನೆಯ ಶೇಕಡಾ 5ರಿಂದ 10ರಷ್ಟನ್ನು ಒಂದು ಮಳೆಗಾಲ ಮುಗಿಯುವವರೆಗೆ ತಡೆಹಿಡಿಯುವ ಷರತ್ತು ಒಪ್ಪಂದದಲ್ಲೇ ಇರಲಿ. ಸೋರಿದರೆ ಗುತ್ತಿಗೆದಾರರು ಮರಳಿ ಬರಲು ಇದಕ್ಕಿಂತ ಒಳ್ಳೆಯ ಕಾರಣ ಇನ್ನೊಂದಿಲ್ಲ.

ಶ್ರಮದಾನದಿಂದ ನಿಜಕ್ಕೂ ಹಣ ಉಳಿಯುತ್ತದೆ. ಫಿಲಿಪೀನ್ಸ್‌ನಲ್ಲಿ 2003ರಿಂದ ಬ್ರಿಗಾಡಾ ಎಸ್ಕ್ವೇಲಾ ಎಂಬ ಹೆಸರಿನಲ್ಲಿ, ಶಾಲೆ ತೆರೆಯುವ ಮುನ್ನ ಪೋಷಕರು ಊರವರು ಸೇರಿ ಶಾಲೆಗಳನ್ನು ಅಣಿಗೊಳಿಸುತ್ತಾರೆ. ಕಸ ತೆಗೆಯುವುದು, ಚರಂಡಿ ಬಿಡಿಸುವುದು, ಬೆಂಚು ಸರಿಪಡಿಸುವುದು, ಸುಣ್ಣ ಬಳಿಯುವುದು ಶ್ರಮದಾನಕ್ಕೆ ತಕ್ಕ ಕೆಲಸ. ಎತ್ತರದ ಕೆಲಸ, ವೈರಿಂಗ್, ತೊಲೆ ಕಂಬ ಮುಟ್ಟುವ ಕೆಲಸ ತಕ್ಕುದಲ್ಲ. ಮಕ್ಕಳನ್ನು ತಾರಸಿಗೆ ಹತ್ತಿಸಲೇಬಾರದು.

ಕೆಲಸ ನಡೆಯುವಾಗ ಶಾಲೆಯೂ ನಡೆಯುತ್ತಿದ್ದರೆ ಆ ಭಾಗಕ್ಕೆ ಮಕ್ಕಳ ತಲೆಗಿಂತ ಎತ್ತರದ ಅಡ್ಡಗೋಡೆ ಕಟ್ಟಿಸಿ, ದಾರಿ ಬೇರೆ ಮಾಡಿ. ಹಗ್ಗ ಕಟ್ಟಿದರೆ ಸಾಲದು, ಮಕ್ಕಳು ಅದರಡಿ ನುಸುಳುತ್ತಾರೆ.

9. ವರ್ಷವಿಡೀ ನೋಡಿಕೊಳ್ಳುವುದು

ಕಟ್ಟಡವನ್ನು ಇಂದು ಹೊಸದಾಗಿ ಕಟ್ಟಲು ತಗಲುವ ವೆಚ್ಚದ ಶೇಕಡಾ 2ರಿಂದ 4ರಷ್ಟನ್ನು ಪ್ರತಿವರ್ಷ ನಿರ್ವಹಣೆಗೆ ಇಡಬೇಕೆಂದು ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1990ರ ವರದಿಯಲ್ಲಿ ಸಾರ್ವಜನಿಕ ಕಟ್ಟಡಗಳ ಬಗ್ಗೆ ಹೇಳಿತು. ನಿಮ್ಮ ಶಾಲೆಗೆ ಅದರ ಹತ್ತಿರವೂ ಬರುವುದಿಲ್ಲವೆಂದು ಗೊತ್ತು. ಆದರೂ ಅನುದಾನ ಕೇಳುವ ಪತ್ರದಲ್ಲಿ ಈ ಲೆಕ್ಕ ಹಾಕಿ ತೋರಿಸಿ, ಎಷ್ಟು ಕೊರತೆಯಿದೆ ಎಂದು ಅಂಕಿಯಲ್ಲಿ ಬರೆದ ಪತ್ರವನ್ನು ತಳ್ಳಿಹಾಕುವುದು ಕಷ್ಟ.

ಹಣವಿಲ್ಲದೆಯೂ ಆಗುವುದು: ಮಳೆಗೆ ತಿಂಗಳ ಮುಂಚೆ ತಾರಸಿ, ಗಟರ್, ಚರಂಡಿ ಸ್ವಚ್ಛ ಮಾಡುವುದು. ಮೊದಲ ಜೋರು ಮಳೆಗೆ ಸುತ್ತು ಹಾಕುವುದು. ಮಳೆ ನಿಂತ ಮೇಲೆ ಸಸಿ ಕೀಳುವುದು, ಗೆದ್ದಲಿನ ಮಣ್ಣಿನ ಗೆರೆ ಗೋಡೆಯಲ್ಲಿ ಎದ್ದಿದೆಯೇ ನೋಡುವುದು. ಬೇಸಿಗೆ ರಜೆಯ ಮೊದಲ ವಾರದಲ್ಲಿ ದೊಡ್ಡ ಕೆಲಸ ಶುರು ಮಾಡುವುದು, ಕೊನೆಯ ವಾರಕ್ಕೆ ಬಿಟ್ಟರೆ ಕ್ಯೂರಿಂಗ್ ಮುಗಿಯುವ ಮೊದಲೇ ಮಕ್ಕಳು ಬಂದಿರುತ್ತಾರೆ.

ಆ ದಪ್ಪ ಪುಸ್ತಕದಲ್ಲಿ ಎಲ್ಲವನ್ನೂ ಬರೆಯಿರಿ: ದಿನಾಂಕ, ಕೋಣೆಯ ಸಂಖ್ಯೆ, ಏನು ಕಂಡಿತು, ಏನು ಮಾಡಿಸಿದಿರಿ, ಯಾರಿಂದ, ಯಾವ ಸಾಮಗ್ರಿ, ಎಷ್ಟಾಯಿತು. ಪ್ರತಿವರ್ಷ ಅದೇ ಜಾಗದಲ್ಲಿ ನಿಂತು ಅದೇ ಗೋಡೆಯ ಚಿತ್ರ ತೆಗೆದು ಅಂಟಿಸಿ. ಮುಖ್ಯ ಶಿಕ್ಷಕರ ವರ್ಗಾವಣೆಯಾದಾಗ ಬೀಗದ ಕೈ, ಹಾಜರಿ ಪುಸ್ತಕದ ಜೊತೆ ಇದನ್ನೂ ಸಹಿ ಹಾಕಿಸಿಕೊಂಡು ಹಸ್ತಾಂತರಿಸಿ. ಹೊಸಬರೊಂದಿಗೆ ಒಂದು ಸಲ ಕಟ್ಟಡ ಸುತ್ತಿ, ಗಾಜಿನ ಪಟ್ಟಿ ಅಂಟಿಸಿದ ಬಿರುಕುಗಳು ಯಾವುವು, ತಡೆಹಿಡಿದ ಹಣ ಯಾವ ತಿಂಗಳಿಗೆ ಕೊಡಬೇಕಾದ್ದು ಎಂಬುದನ್ನು ತೋರಿಸಿಕೊಡಿ.